ಹಂಚು ಇಡದ ದಿನದ ರೊಟ್ಟಿ ಸಪ್ಪಳ

ಅತ್ತೆಯ ತಲೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಹಂಬಲಿಸುವ ಅಳಿಯಂದಿರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರು. ಗುರುಶಾಂತ ಕುಂದಗೋಳನಿಗೆ ಅಂಥ ಹಂಬಲ ಎಂದೂ ಇರಲಿಲ್ಲ. ಅತ್ತೆಯ ತಲೆಯ ಹೊರಗೆ ನಡೆಯುತ್ತಿದ್ದುದೇ ಅವನಿಗೆ ಸಾಕುಬೇಕಾಗಿತ್ತು. ಆದರೂ ಆ ಭಾಗ್ಯ ಹುಡುಕಿಕೊಂಡು ಬಂದದ್ದು ಅವನನ್ನೇ.

ಗುರುಶಾಂತ ಹುಬ್ಬಳ್ಳಿಯ ‘ಮಿಡಿತ ನಿಗಾ ಕೇಂದ್ರ’ದಲ್ಲಿ ಶಬ್ದ ತಂತ್ರಜ್ಞ. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಆರು ಕುರ್ಚಿ, ಹನ್ನೆರಡು ಪರದೆ, ಬಂದ ದಿನದಿಂದ ಕೆಟ್ಟೇ ಇರುವ ಒಂದು ಚಹಾ ಯಂತ್ರ. ಅಲ್ಲಿ ಕುಳಿತವರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ನಾನೂರು ಚಿಲ್ಲರೆ ಜನರ ಮಿದುಳಿನ ರಕ್ತನಾಳಗಳು ಹಾಡುವುದನ್ನು ಕೇಳುತ್ತಿದ್ದರು. ಹಾಡುವುದು ಎಂದರೆ ನಿಜಕ್ಕೂ ಹಾಡುವುದೇ.

ಮಿದುಳಿನ ರಕ್ತನಾಳದ ಗೋಡೆ ಕೆಲವರಲ್ಲಿ ಒಂದು ಕಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿಕೊಳ್ಳುತ್ತದೆ. ಒಡೆದರೆ ಮನುಷ್ಯ ಉಳಿಯುವುದು ಕಷ್ಟ. ಹಿಂದೆಲ್ಲ ತಲೆಬುರುಡೆ ತೆರೆದೇ ಅದನ್ನು ಮುಚ್ಚಬೇಕಾಗಿತ್ತು. ಈಗ ತೊಡೆಯ ನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಹಾಗೇ ಮೇಲೇರಿಸಿಕೊಂಡು ಮಿದುಳಿನವರೆಗೆ ಹೋಗಿ, ಗುಳ್ಳೆಯ ಬಾಯಿಗೆ ಅಡ್ಡವಾಗಿ ಲೋಹದ ಜಾಲರಿಯೊಂದನ್ನು ಕೂರಿಸುತ್ತಾರೆ. ರಕ್ತ ಜಾಲರಿಯೊಳಗೆ ನೇರವಾಗಿ ಹರಿದುಹೋಗುತ್ತದೆ, ಗುಳ್ಳೆ ತಾನಾಗಿಯೇ ಬತ್ತುತ್ತದೆ. ರೋಗಿ ಮೂರನೇ ದಿನ ಮನೆಗೆ ಹೋಗುತ್ತಾನೆ, ನಾಲ್ಕನೇ ದಿನ ಎಲ್ಲರೂ ಮರೆತುಬಿಡುತ್ತಾರೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಉಜ್ವಲಾ ಅಣ್ಣಿಗೇರಿಯವರಿಗೆ ಸಿಟ್ಟು ಬರುತ್ತಿದ್ದದ್ದು ಆ ನಾಲ್ಕನೇ ದಿನದ ಮೇಲೆ. ಹೊಸದಾಗಿ ಸೇರಿದವರಿಗೆ ಅವರು ಮಾಡುತ್ತಿದ್ದ ಭಾಷಣ ಇಷ್ಟೇ: “ಆಪರೇಶನ್ ಟೇಬಲ್ ಮ್ಯಾಲೆ ಆಗೂ ತ್ರಾಸಿಗೆ ನಾ ಅಂಜಂಗಿಲ್ಲ. ಅಲ್ಲೆ ನಾನ ನಿಂತಿರ್ತೀನಿ. ಆರು ತಿಂಗಳ ಮ್ಯಾಲೆ, ಪೇಶಂಟ್ ಕಟ್ಟಿ ಮ್ಯಾಲೆ ಕುಂತು ಶೇಂಗಾ ತಿನ್ನೂಮುಂದ ಬರೂ ತ್ರಾಸಿಗೆ ಅಂಜತೀನಿ. ಅಲ್ಲಿ ಯಾರೂ ಇರಂಗಿಲ್ಲ.”

ತಿಂಗಳುಗಳು ಕಳೆದ ಮೇಲೆ ಬರುವ ಕಾಟಗಳಿಗೆ ಲೆಕ್ಕವಿಲ್ಲ. ಜಾಲರಿಯ ಮೇಲೆ ಬೆಳೆಯಬೇಕಾದ ತೆಳು ಪದರ ಬೆಳೆಯುತ್ತಲೇ ಹೋಗಿ ದಾರಿಯನ್ನೇ ಇಕ್ಕಟ್ಟು ಮಾಡುವುದುಂಟು. ರಕ್ತ ತೆಳುವಾಗಿಡುವ ಮಾತ್ರೆ ಬಿಟ್ಟವರಿಗೆ ಅಲ್ಲೇ ಹೆಪ್ಪುಗಟ್ಟುವುದುಂಟು. ಇದಕ್ಕೆಂದೇ ಹಾಡುವ ಜಾಲರಿ ಬಂತು. ರಕ್ತ ಹರಿದಾಗ ಅದರ ಎಳೆಗಳು ಕಂಪಿಸಿ ಚೂರೇ ಚೂರು ವಿದ್ಯುತ್ತು ಹುಟ್ಟಿಸುತ್ತವೆ. ಕಿವಿಯ ಹಿಂದೆ ಅಂಟಿಸಿದ ಅಂಗಿ ಗುಂಡಿಯಷ್ಟು ದೊಡ್ಡ ಯಂತ್ರ ಅದನ್ನು ಹಿಡಿದು ಹುಬ್ಬಳ್ಳಿಗೆ ಕಳಿಸುತ್ತದೆ. ಹರಿವು ಚೆನ್ನಾಗಿದ್ದರೆ ತಂಬೂರಿ ಮೀಟಿದ ಹಾಗೆ ಒಂದೇ ಶ್ರುತಿಯ ಗುಂಯ್‌ಗಾನ. ದಾರಿ ಇಕ್ಕಟ್ಟಾದರೆ ಅದರೊಳಗೆ ಏನೋ ಪಟಪಟಿಸುತ್ತದೆ.

ತೊಂದರೆ ಏನೆಂದರೆ, ತಲೆಯೊಳಗೆ ಕೇಳುವುದು ರಕ್ತವೊಂದೇ ಅಲ್ಲ. ಕೆಮ್ಮು, ಸೀನು, ಕಬ್ಬು ಕಡಿಯುವುದು, ಕೆಟ್ಟ ರಸ್ತೆಯಲ್ಲಿ ಬಸ್ಸಿನ ಕುಲುಕಾಟ ಎಲ್ಲವೂ ಎಲುಬಿನ ಮೂಲಕ ಏರಿ ಜಾಲರಿಗೆ ಮುಟ್ಟುತ್ತದೆ. ಹಾಗಾಗಿ ಮೊದಲ ಸಲ ಕೇಳಿದ ಸದ್ದಿಗೆಲ್ಲ ಮನುಷ್ಯನೊಬ್ಬ ಹೆಸರು ಕೊಡಬೇಕು. ಹೆಸರು ಬಿದ್ದ ಸದ್ದನ್ನು ಗಣಕ ಮುಂದೆ ತಾನೇ ಗುರುತಿಸಿ ಕಳೆದುಹಾಕುತ್ತದೆ. ತೊಟ್ಟಿಲಲ್ಲಿನ ಕೂಸಿಗೆ ಹೆಸರಿಡುವ ಸೋದರತ್ತೆಯ ಈ ಕೆಲಸ ಗುರುಶಾಂತನದು. ಅವನ ಕಿವಿ ಅಷ್ಟು ಚುರುಕು. ಸೀನಿನ ಸದ್ದು ಕೇಳಿ ಅದು ನಶ್ಯದ್ದೋ ನೆಗಡಿಯದೋ ಎಂದು ಹೇಳಬಲ್ಲವನಾಗಿದ್ದ. ಆ ಬಗ್ಗೆ ಅವನಿಗೆ ಒಂಚೂರು ಜಂಬವೂ ಇತ್ತು.

ಇನ್ನು ಅತ್ತೆ. ನಿಂಬೆವ್ವನವರು ಗದಗಿನ ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ವಯಸ್ಸು ಅರವತ್ತೊಂದು. ಕೆಲಸಕ್ಕೆ ಇಬ್ಬರು ಹೆಂಗಸರಿದ್ದರೂ ದಿನದ ಮೊದಲ ಐವತ್ತು ರೊಟ್ಟಿಯನ್ನು ತಾವೇ ಬಡಿಯಬೇಕು. ಅವರ ರೊಟ್ಟಿ ಗುಂಡಗೆ, ತೆಳ್ಳಗೆ, ಅಂಚಿನಿಂದ ನಡುವಿನವರೆಗೆ ಒಂದೇ ಸಮ. ಅಂಥ ರೊಟ್ಟಿಯೆದುರು ಎಂಟು ವರ್ಷಗಳ ಹಿಂದೆ, ಹೊಸ ಅಳಿಯನಾಗಿ ಮೊದಲ ಸಲ ಉಣ್ಣಲು ಕುಳಿತ ಗುರುಶಾಂತ, ಹೊಟ್ಟೆ ಕೆಟ್ಟಿದ್ದರಿಂದ, ಒಂದನ್ನು ತಿಂದು “ಸಾಕ್ರಿ” ಎಂದುಬಿಟ್ಟಿದ್ದ. ಬೆಟಗೇರಿಯ ಅರ್ಧ ಊರಿಗೆ ಅವನು ಇಂದಿಗೂ ಒಂದು ರೊಟ್ಟಿಯ ಅಳಿಯ.

ನಿಂಬೆವ್ವ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ತಲೆ ತುಂಬ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು, ಮಗಳು ದಾಕ್ಷಾಯಿಣಿಯ ಮುಖಾಂತರ ವ್ಯವಹರಿಸುತ್ತಿದ್ದರು. ಮಗಳು ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಿದ್ದರು. “ಅಳಿಯಾರು ಬಂದಾರ, ನೀರು ಕುಡೀತಾರೋ ಏನೋ” ಎಂದು ಕಂಬಕ್ಕೆ ಕೇಳಿದರೆ, ಗುರುಶಾಂತ ಅದೇ ಕಂಬಕ್ಕೆ “ಕುಡೀತೀನಿ” ಎನ್ನಬೇಕು. ಎಂಟು ವರ್ಷದಲ್ಲಿ ಅವನಿಗೂ ಕಂಬಕ್ಕೂ ಒಳ್ಳೆಯ ಸ್ನೇಹ ಬೆಳೆದಿತ್ತು.

ಅವರ ಮಿದುಳಿನ ಎಡಭಾಗದಲ್ಲಿ ಗುಳ್ಳೆ ಇರುವುದು ಪತ್ತೆಯಾಗಿ, ಸಂಕ್ರಾಂತಿ ಮುಗಿದ ವಾರ ಡಾಕ್ಟರ್ ಅಣ್ಣಿಗೇರಿ ಜಾಲರಿ ಕೂರಿಸಿದರು. ಸ್ವಂತದವರನ್ನು ಸ್ವಂತದವರೇ ನೋಡಿಕೊಳ್ಳಬಾರದೆಂದು ಕೇಂದ್ರದ ನಿಯಮ. ನಿಂಬೆವ್ವ ಆ ನಿಯಮಕ್ಕೆ ಒಪ್ಪಲಿಲ್ಲ. “ಪರ ಗಂಡಸರು ನನ್ನ ತಲ್ಯಾಗಿನ ಸಪ್ಪಳಾ ಕೇಳೂದು ಸರಿ ಅಲ್ಲ. ಕೇಳೂದ ಆದ್ರ ಮನಿಯವರು ಕೇಳಲಿ. ಅವರಿಗೆ ಹೇಳು” ಎಂದು ಮಗಳ ಕಡೆಯಿಂದ ಹೇಳಿಸಿದರು. ಇಲ್ಲವಾದರೆ ಗುಂಡಿ ಕಿತ್ತು ಒಲೆಗೆ ಹಾಕುತ್ತೇನೆಂದೂ ಸೇರಿಸಿದರು. ನಿಯಮ ಸಡಿಲವಾಯಿತು.

ಮೊದಲ ತಿಂಗಳೇ ಪಕ್ಕದ ಕುರ್ಚಿಯ ಶ್ರೀವತ್ಸ ಒಂದು ಸಂಗತಿ ಕಂಡುಹಿಡಿದ. ಅವನು ಮೈಸೂರಿನವನು, ಹುಬ್ಬಳ್ಳಿಗೆ ಬಂದು ಒಂದು ವರ್ಷವಾಗಿತ್ತಷ್ಟೆ.

“ಗುರು, ನಿಮ್ಮತ್ತೆಯವರ ಶ್ರುತಿ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಹನ್ನೊಂದು ಗಂಟೆಗೆ ಸರಿಯಾಗಿ ಮೇಲಕ್ಕೆ ಹೋಗುತ್ತೆ. ಸಂಜೆ ನಾಲ್ಕಕ್ಕೆ ಇಳಿಯುತ್ತೆ. ಏನಿರಬಹುದು ಇದು?”

“ನಾನು” ಎಂದ ಗುರುಶಾಂತ. “ಹನ್ನೊಂದಕ್ಕ ಅವರ ಮನಿ ಮುಟ್ತೀನಿ, ನಾಕಕ್ಕ ಬಿಡ್ತೀನಿ.”

ಡಾಕ್ಟರು ಹೇಳಿದ್ದ ವಿಶ್ರಾಂತಿ ಮುಗಿದ ಮರುದಿನ, ಫೆಬ್ರವರಿಯ ಒಂದು ಬೆಳಿಗ್ಗೆ ಎಂಟಕ್ಕೆ ನಿಂಬೆವ್ವನವರ ಪರದೆ ಕೆಂಪಾಗಿ ಕೂಗಿಕೊಂಡಿತು. ಅಪರಿಚಿತ ಬಡಿತ! ಡಾಕ್ಟರ್ ಅಣ್ಣಿಗೇರಿ ಅರ್ಧ ಕುಡಿದ ಚಹಾ ಬಿಟ್ಟು ಓಡಿಬಂದರು. ಗುರುಶಾಂತ ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದ. ಥಪ್ ಥಪ್ ಥಪ್, ಸರ್ರ್. ಥಪ್ ಥಪ್ ಥಪ್, ಸರ್ರ್. ಅವನ ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

“ಡಾಕ್ಟ್ರ, ಇದು ಜ್ವಾಳದ ರೊಟ್ಟಿ. ಮೂರು ಏಟು ಬಡೀತಾರ, ಒಮ್ಮೆ ತಿರಗಸ್ತಾರ. ಅಂಗೈಯಿಂದ ಭುಜಾ, ಭುಜದಿಂದ ಕುತಗಿ, ಅಲ್ಲಿಂದ ಮ್ಯಾಲೆ ಬರಾಕತ್ತೈತಿ.”

“ಖಾತ್ರಿ ಏನು?”

“ಹಂಚಿನ ಮುಂದ ಹುಟ್ಟಿ ಬೆಳದಾಂವರಿ ನಾನು.”

ದಾಕ್ಷಾಯಿಣಿಗೆ ಫೋನು ಮಾಡಿ, ಅವಳು ತಾಯಿಗೆ ಫೋನು ಮಾಡಿ, ನಿಂಬೆವ್ವ ಹಿಟ್ಟಿನ ಕೈ ನಿಲ್ಲಿಸಿದಾಗ ಪರದೆಯ ಬಡಿತವೂ ನಿಂತಿತು. ಮತ್ತೆ ಶುರು ಮಾಡಿದಾಗ ಶುರುವಾಯಿತು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಗುರುಶಾಂತ ಹೆಸರಿನ ಜಾಗದಲ್ಲಿ ‘ರೊಟ್ಟಿ’ ಎಂದು ಬರೆದ. ಅಂದಿನಿಂದ ಗಣಕ ಆ ಸದ್ದನ್ನು ಅಚ್ಚುಕಟ್ಟಾಗಿ ಗುರುತಿಸಿ, ಹಸಿರು ಬಣ್ಣದಲ್ಲಿ ‘ರೊಟ್ಟಿ’ ಎಂದು ತೋರಿಸಿ, ಕಳೆದುಹಾಕಿ, ಉಳಿದದ್ದೆಲ್ಲ ಕ್ಷೇಮವೆಂದು ವರದಿ ಕೊಡತೊಡಗಿತು. ಗಣಕಕ್ಕೆ ಒಂದು ಹೆಸರು ಸಿಕ್ಕರೆ ಸಾಕು, ಆಮೇಲೆ ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ಗುರುಶಾಂತನೂ ಬಿಟ್ಟ.

ಜೂನ್ ಹೊತ್ತಿಗೆ ರೊಟ್ಟಿಯ ಹಸಿರು ಪಟ್ಟಿ ದಿನದಿಂದ ದಿನಕ್ಕೆ ಅಗಲವಾಗುತ್ತಾ ಹೋಯಿತು. ಮೊದಲು ಎಂಟರಿಂದ ಒಂಬತ್ತರವರೆಗೆ ಇದ್ದದ್ದು ಹತ್ತಕ್ಕೆ ಬಂತು. ಸಂಜೆಗೂ ಒಂದು ಪಟ್ಟಿ ಮೂಡಿತು. ಕಾಲೇಜು ಶುರುವಾಗಿದೆ, ಖಾನಾವಳಿಗೆ ಗಿರಾಕಿ ಹೆಚ್ಚಿದ್ದಾರೆ ಎಂದುಕೊಂಡ ಗುರುಶಾಂತ. ಅತ್ತೆಯವರ ವ್ಯಾಪಾರ ಚೆನ್ನಾಗಿದೆಯೆಂದು ಒಳಗೊಳಗೇ ಖುಷಿಯೂ ಪಟ್ಟ.

ಶ್ರಾವಣ ಬಂತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ಪಂಚಮಿ ಬುಧವಾರ ಇತ್ತು, ಅದರ ಹಿಂದಿನ ಭಾನುವಾರ ರೊಟ್ಟಿ ಹಬ್ಬ. ಅಂದು ಮನೆಮನೆಯಲ್ಲೂ ರಾಶಿ ರಾಶಿ ರೊಟ್ಟಿ ಬಡಿದು, ಓಣಿಯವರೆಲ್ಲ ಒಬ್ಬರಿಗೊಬ್ಬರು ಹಂಚಿ ತಿನ್ನುತ್ತಾರೆ. ಗುರುಶಾಂತ ಹೆಂಡತಿಯನ್ನು ಕರೆದುಕೊಂಡು ಬೆಟಗೇರಿಗೆ ಹೋದ. ಎಲೆಯ ಮುಂದೆ ಕುಳಿತಾಗ ಬಾಗಿಲ ಮರೆಯಿಂದ ದನಿ ಬಂತು.

“ದಾಕ್ಷೀ, ಅವರಿಗೆ ಕೇಳು, ಎಣಗಾಯಿ ಹಾಕ್ಲೇನು ಅಂತ.”

ಅವರಿಗೂ ಗುರುಶಾಂತನಿಗೂ ಎರಡು ಮೊಳ ದೂರ. “ಹಾಕ್ರಿ” ಎಂದು ಅವನು ದಾಕ್ಷಾಯಿಣಿಗೆ ಹೇಳಿದ. ಎಣಗಾಯಿ ಬಿತ್ತು. ಸ್ವಲ್ಪ ಎಲೆಯ ಮೇಲೆ, ಸ್ವಲ್ಪ ನೆಲದ ಮೇಲೆ. ನಿಂಬೆವ್ವ ಚಮಚವನ್ನು ಎಡಗೈಗೆ ಬದಲಾಯಿಸಿಕೊಂಡರು. ಅವನು ಅದನ್ನು ನೋಡಿದ, ಆದರೆ ಅವನ ಗಮನವೆಲ್ಲ ರೊಟ್ಟಿಯ ಮೇಲಿತ್ತು. ಮುರಿದಾಗ ಒಂದು ಅಂಚು ಹಪ್ಪಳದ ಹಾಗೆ ತೆಳ್ಳಗೆ, ಇನ್ನೊಂದು ಅಂಚು ಬೆರಳಿನಷ್ಟು ದಪ್ಪ.

“ಏನ ದಾಕ್ಷಿ, ಈ ರೊಟ್ಟಿ ಒಂದ ಕಡೆ ದಪ್ಪ ಆಗೇತಲಾ?”

ಪಕ್ಕದ ಮನೆಯಿಂದ ರೊಟ್ಟಿ ಕೊಡಲು ಬಂದಾಕೆ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಅದೇ ಕ್ಷಣ ಗುರುಶಾಂತನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಹುಬ್ಬಳ್ಳಿಯಿಂದ ಶ್ರೀವತ್ಸನ ಸಂದೇಶ: ‘ನಿಮ್ಮತ್ತೆ ಶ್ರುತಿ ಮೂರು ಮನೆ ಮೇಲೆ ಹೋಗಿದೆ. ಏನು ಹೇಳಿದ್ರಿ?’

ನಿಂಬೆವ್ವ ಕಂಬದ ಕಡೆ ತಿರುಗಿದರು. “ಈ ವರ್ಷದ ಜ್ವಾಳಾನ ಸರಿ ಇಲ್ಲ. ಹಿಟ್ಟಿಗೆ ಜಿಗಿ ಇಲ್ಲ. ಒಂದ ರೊಟ್ಟಿ ತಿನ್ನಾವ್ರಿಗೆ ಇದೆಲ್ಲಾ ಹೆಂಗ ಗೊತ್ತಾಗ್ಬೇಕು?”

ಬಸ್ ನಿಲ್ದಾಣದವರೆಗೆ ಬಿಡಲು ಬಂದ ದಾಕ್ಷಾಯಿಣಿ ದಾರಿಯುದ್ದಕ್ಕೂ ಬೈದಳು. “ಎಂಟ ವರ್ಷಕ್ಕ ಒಮ್ಮೆ ಬಾಯಿ ಬಿಟ್ರಿ, ಅದೂ ರೊಟ್ಟಿ ಬಗ್ಗೆ! ಬ್ಯಾರೆ ಏನೂ ಸಿಗಲಿಲ್ಲೇನು ನಿಮಗ?” ಆದರೂ ಪಂಚಮಿಯ ದಿನ ಕೆಲಸಕ್ಕೆ ಹೋಗುವವನು ಹಸಿದಿರಬಾರದೆಂದು ಅದೇ ರೊಟ್ಟಿಗಳನ್ನು ಕಡಕ್ ಮಾಡಿ, ಶೇಂಗಾ ಚಟ್ನಿಯ ಜೊತೆ ಡಬ್ಬಿಗೆ ತುಂಬಿ ಕೊಟ್ಟಿದ್ದಳು.

ಬುಧವಾರ ಕೇಂದ್ರದಲ್ಲಿ ಹಬ್ಬದ ರಜೆಯ ಹಾಜರಿ. ಗುರುಶಾಂತ, ಶ್ರೀವತ್ಸ, ಮತ್ತು ತಮ್ಮ ಕೋಣೆಯಲ್ಲಿ ಡಾಕ್ಟರ್ ಅಣ್ಣಿಗೇರಿ, ಇಷ್ಟೇ ಜನ. ಹನ್ನೊಂದೂವರೆಗೆ ಗುರುಶಾಂತ ಡಬ್ಬಿ ತೆರೆದು ರೊಟ್ಟಿಯೊಂದನ್ನು ಮುರಿದ. ದಪ್ಪ ಅಂಚು ಕಟ್ ಎಂದಿತು. ಮತ್ತೊಂದು ಮುರಿದ. ಅದೂ ಒಂದೇ ಕಡೆ ದಪ್ಪ. ಮೂರನೆಯದೂ ಹಾಗೆಯೇ. ಜೋಳ ಕೆಟ್ಟಿದ್ದರೆ ರೊಟ್ಟಿ ಎಲ್ಲ ಕಡೆಯೂ ಕೆಡಬೇಕಲ್ಲ, ಪ್ರತಿಯೊಂದೂ ಒಂದೇ ಕಡೆ ಯಾಕೆ ದಪ್ಪ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಚಟ್ನಿ ಖಾರವಿತ್ತು, ಯೋಚನೆ ಅಲ್ಲಿಗೇ ನಿಂತಿತು.

“ನಿಮ್ಮತ್ತೆಯವರು ಹಬ್ಬದ ದಿನವೂ ಸುಮ್ಮನೆ ಕೂರಲ್ವಾ?” ಎಂದ ಶ್ರೀವತ್ಸ, ಪರದೆ ನೋಡುತ್ತಾ. “ಇಪ್ಪತ್ತು ನಿಮಿಷದಿಂದ ರೊಟ್ಟಿ ತಟ್ಟುತ್ತಾ ಇದ್ದಾರೆ.”

“ಹಂ” ಎಂದ ಗುರುಶಾಂತ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. ಆಮೇಲೆ ಅಗಿಯುವುದನ್ನು ನಿಲ್ಲಿಸಿದ. “ಏನಂದಿ?”

“ರೊಟ್ಟಿ. ಹಸಿರು ಪಟ್ಟಿ ಬಂದಿದೆ. ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ ಅಂತ ತೋರಿಸ್ತಿದೆ.”

“ಇವತ್ತ ಪಂಚಮಿ.”

“ಹೌದು, ಅದಕ್ಕೇ ಅಲ್ವಾ ರಜೆ?”

“ಇವತ್ತ ಯಾರೂ ಹಂಚ ಇಡಂಗಿಲ್ಲೋ ಮಾರಾಯಾ!” ಗುರುಶಾಂತ ಎದ್ದೇ ನಿಂತ. “ನಾಗಪ್ಪಗ ಬಿಸಿ ತಾಗ್ತೈತಿ ಅಂತ ಹಂಚು ಒಲಿ ಮ್ಯಾಲೆ ಏರಸಂಗಿಲ್ಲ. ಅದಕ್ಕ ಮೊದಲ ರೊಟ್ಟಿ ಮಾಡಿ ಇಟ್ಟಿರ್ತಾರ. ನಮ್ಮತ್ತಿ ಜೀವಾ ಬಿಟ್ಟಾರು, ಪಂಚಮಿ ದಿನ ರೊಟ್ಟಿ ಬಡ್ಯಾಂಗಿಲ್ಲ.”

ಶ್ರೀವತ್ಸ ಪರದೆ ನೋಡಿದ, ಅವನನ್ನು ನೋಡಿದ. “ಹಾಗಾದ್ರೆ ಇದೇನು?”

ಗುರುಶಾಂತ ಹೆಡ್‌ಫೋನ್ ಹಾಕಿಕೊಂಡು ಸದ್ದು ಕಳೆಯುವ ಗುಂಡಿಯನ್ನು ಬಂದ್ ಮಾಡಿದ. ಐದು ತಿಂಗಳ ಮೇಲೆ ಮೊದಲ ಸಲ ಅವನು ಆ ಸದ್ದನ್ನು ಪೂರ್ತಿಯಾಗಿ ಕೇಳುತ್ತಿದ್ದ. ಥಪ್ ಥಪ್ ಥಪ್. ಥಪ್ ಥಪ್ ಥಪ್. ರೊಟ್ಟಿಯ ಬಡಿತವೇ. ಆದರೆ ಸರ್ರ್ ಇಲ್ಲ. ಯಾರೂ ಏನನ್ನೂ ತಿರುಗಿಸುತ್ತಿರಲಿಲ್ಲ. ಪ್ರತಿ ನಾಡಿಗೂ ಮೂರು ಏಟು, ಇಕ್ಕಟ್ಟಾದ ದಾರಿಯ ಅಂಚಿಗೆ ರಕ್ತ ಬಡಿದು, ಮಡಚಿ, ಮತ್ತೆ ಬಡಿಯುವ ಸದ್ದು.

ದಾಕ್ಷಾಯಿಣಿ ಐದನೇ ಸಲಕ್ಕೆ ಫೋನು ಎತ್ತಿದಳು. ಹಿಂದೆ ಹೆಂಗಸರ ಕೇಕೆ, ಪಂಚಮಿಯ ಹಾಡು.

“ಅತ್ತಿ ಏನ ಮಾಡಾಕತ್ತಾರ?”

“ಜೋಕಾಲಿ ಆಡಾಕತ್ತಾರ. ಬೇವಿನ ಗಿಡಕ್ಕ ಕಟ್ಟೇವಿ. ನೋಡ್ಬೇಕು ನೀವು, ನಮ್ಮವ್ವ ಹರೇದ ಹುಡಿಗ್ಯಾರಿಗಿಂತ ಮ್ಯಾಲೆ ಜೀಕಾಕತ್ತಾಳ!”

“ರೊಟ್ಟಿ ಬಡದ್ರೇನು ಇವತ್ತ?”

“ತಲಿ ಕೆಟ್ಟೈತೇನ್ರಿ ನಿಮಗ? ಇನ್ನೂ ರೊಟ್ಟಿ ಮ್ಯಾಲೆ ಅದೀರೇನು?”

“ಇಳಸು ಅವರನ್ನ. ಸಾವಕಾಶ ಇಳಸು.”

ಅವನ ದನಿ ಕೇಳಿ ದಾಕ್ಷಾಯಿಣಿ ಮತ್ತೆ ವಾದಿಸಲಿಲ್ಲ. ಗುರುಶಾಂತ ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಹೆಡ್‌ಫೋನ್ ಹಿಡಿದು ನಿಂತ. ಫೋನಿನಲ್ಲಿ ಜೋಕಾಲಿಯ ಹಗ್ಗದ ಕಿರ್ರ್ ಕಿರ್ರ್ ನಿಧಾನವಾಗುತ್ತಾ ಹೋಯಿತು. ಹೆಡ್‌ಫೋನಿನಲ್ಲಿ ಥಪ್ ಥಪ್ ಕೂಡ ಅದರೊಂದಿಗೇ ಕುಗ್ಗುತ್ತಾ ಹೋಗಿ, ಅತ್ತೆ ನೆಲಕ್ಕೆ ಕುಳಿತ ಮೇಲೆ ಇಲ್ಲವೇ ಇಲ್ಲ ಎಂಬಷ್ಟು ಸಣ್ಣದಾಯಿತು. ಈಗ ಅವನಿಗೆ ಎಲ್ಲ ತಿಳಿಯಿತು. ದಣಿದಾಗ ರಕ್ತ ಜೋರಾಗಿ ಹರಿಯುತ್ತದೆ, ಆಗ ಮಾತ್ರ ಈ ಸದ್ದು. ನಿಂಬೆವ್ವ ದಣಿಯುತ್ತಿದ್ದದ್ದು ರೊಟ್ಟಿ ಬಡಿಯುವಾಗ. ಕಳ್ಳ ಮನೆಯೊಳಗೇ ಇದ್ದ. ಅವನು ಮನೆಯವನೇ ಎಂದು ಬರೆದುಕೊಟ್ಟದ್ದು ಗುರುಶಾಂತನೇ.

ಅಷ್ಟರಲ್ಲಿ ಡಾಕ್ಟರ್ ಅಣ್ಣಿಗೇರಿ ಬಂದು ಒಂದು ಹೆಡ್‌ಫೋನ್ ಕಿತ್ತುಕೊಂಡು ಕೇಳಿದ್ದರು. “ಜಾಲರಿ ಇರೂದು ಎಡ ಮಿದುಳಿನ್ಯಾಗ, ಅದು ನಡಸೂದು ಬಲಗೈ. ಬಲಗೈ ಹೆಂಗೈತಿ ಕೇಳು” ಎಂದರು.

ಕೇಳಿದರೆ ಫೋನಿನಲ್ಲಿ ನಿಂಬೆವ್ವನವರ ದನಿ ದೂರದಿಂದ ಬಂತು: “ನನಗೇನೂ ಆಗಿಲ್ಲ ಅಂತ ಅವರಿಗೆ ಹೇಳು. ಹಬ್ಬದ ದಿನ ಜೋಕಾಲಿ ಇಳಸೂದು ಯಾವ ಊರ ಪದ್ಧತಿ ಅಂತನೂ ಕೇಳು.”

ಗುರುಶಾಂತನಿಗೆ ಒಂದು ಉಪಾಯ ಹೊಳೆಯಿತು. “ದಾಕ್ಷಿ, ಎರಡೂ ಕೈಯಾಗ ಒಂದೊಂದು ಶೇಂಗಾ ಉಂಡಿ ಕೊಡು. ಅಂಗೈ ಮ್ಯಾಲೆ ಇಟಗೊಂಡು, ಕೈ ಮುಂದ ಚಾಚಿ, ಕಣ್ಣ ಮುಚ್ಚಿ ಹತ್ತು ಎಣಸಲಿ. ನಾಗಪ್ಪಗ ಬೇಡಿಕೊಂಡಂಗ.”

ನಾಗಪ್ಪನ ಹೆಸರಿಗೆ ನಿಂಬೆವ್ವ ಒಪ್ಪಿದರು. ಒಂದು, ಎರಡು, ಮೂರು ಎಂದು ಎಣಿಸುವುದು ಫೋನಿನಲ್ಲಿ ಕೇಳಿಸಿತು. ಆರಕ್ಕೆ ಏನೋ ಉರುಳಿದ ಸದ್ದು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು.

“ಬಲಗೈದು ಬಿತ್ತರಿ” ಎಂದಳು ದಾಕ್ಷಾಯಿಣಿ, ಅಳುವ ದನಿಯಲ್ಲಿ. “ಅವ್ವಗ ಗೊತ್ತ ಆಗಿಲ್ಲ. ಕೈ ಚಾಚೇ ಇದ್ದೀನಿ ಅನ್ನಾಕತ್ತಾಳ. ಇನ್ನೂ ಎಣಸಾಕತ್ತಾಳ.”

ಪಕ್ಕದ ಮನೆಯವರ ಕಾರು ಒಂದೂ ಕಾಲು ಗಂಟೆಯಲ್ಲಿ ಹುಬ್ಬಳ್ಳಿ ಮುಟ್ಟಿತು. ಡಾಕ್ಟರ್ ಅಣ್ಣಿಗೇರಿ ಆಸ್ಪತ್ರೆಯಲ್ಲಿ ಕಾದೇ ಇದ್ದರು. ಮತ್ತೆ ತೊಡೆಯಿಂದ ಕೊಳವೆ, ಮತ್ತೆ ಮೇಲೆ ಮಿದುಳಿಗೆ. ಜಾಲರಿಯ ಒಳಗೆ ಪದರ ಉಬ್ಬಿ, ಅದರ ಮೇಲೆ ಹೆಪ್ಪು ಕೂತು, ದಾರಿಯ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಪುಟ್ಟ ಬಲೂನು ಉಬ್ಬಿಸಿ ಅದನ್ನು ಅಗಲ ಮಾಡಬೇಕಾಯಿತು. ಇನ್ನು ನಾಲ್ಕು ದಿನ ತಡವಾಗಿದ್ದರೆ ಬಲಗೈ ಹೋಗುತ್ತಿತ್ತು, ಮಾತು ಹೋಗುತ್ತಿತ್ತು, ಬಹುಶಃ ಜೀವವೇ ಹೋಗುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಹೊರಗಿನ ಬೆಂಚಿನ ಮೇಲೆ ದಾಕ್ಷಾಯಿಣಿ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆಯ ಪಟ್ಟಿ ತೋರಿಸಿದಳು. ರಕ್ತ ತೆಳುವಾಗಿಡುವ ಮಾತ್ರೆ, ಒಂದೂ ಮುಟ್ಟಿಲ್ಲದ್ದು. “ಇಂಥಾವು ಆರು ಪಟ್ಟಿ ಜ್ವಾಳದ ಡಬ್ಬ್ಯಾಗ ಇದ್ದವು. ಎಪ್ರಿಲ್‌ದಾಗ ಈಳಿಗಿಗೆ ಬೆರಳು ಕೊಯ್ದು ರಕ್ತ ನಿಲ್ಲಲಿಲ್ಲಂತ. ಉಣ್ಣಾವ್ರ ತಾಟಿನ್ಯಾಗ ಬಿದ್ರ ಹೆಂಗ ಅಂತ ಗುಳಗಿ ಬಿಟ್ಟಾಳ.”

“ಒಂದ ಮಾತು ನನಗ ಹೇಳಬಾರದಿತ್ತೇನು?”

“ಕಾರಿನ್ಯಾಗ ನಾನೂ ಅದನ್ನ ಕೇಳಿದೆ.” ದಾಕ್ಷಾಯಿಣಿ ಕಣ್ಣೊರೆಸಿಕೊಂಡಳು. “ಗುಳಗಿ ಯಾಕ ಬೇಕು, ಅಳಿಯಾರು ದಿನಾ ನನ್ನ ತಲ್ಯಾಗ ಕಿವಿ ಇಟ್ಟು ಕುಂತಾರ, ಏನರ ಹೆಚ್ಚುಕಡಿಮಿ ಆದ್ರ ಅವರು ಬಿಡ್ತಾರೇನು ಅಂದಳು. ಅಷ್ಟ ನಂಬಿಕಿ ನಿಮ್ಮ ಮ್ಯಾಲೆ.”

ಎಂಟು ವರ್ಷ ಅತ್ತೆಗೆ ತನ್ನ ಮೇಲೆ ಸಿಟ್ಟಿದೆ ಎಂದುಕೊಂಡಿದ್ದ ಗುರುಶಾಂತನಿಗೆ, ಇದ್ದದ್ದು ನಂಬಿಕೆ ಎಂದು ಇಂಥ ದಿನವೇ ತಿಳಿಯಬೇಕಾಗಿತ್ತೆ? ಅವನು ನೇರವಾಗಿ ಡಾಕ್ಟರ ಬಳಿ ಹೋಗಿ, ಹೆಸರಿಟ್ಟವನು ತಾನು, ತಪ್ಪು ತನ್ನದು ಎಂದ. ಡಾಕ್ಟರ್ ಅಣ್ಣಿಗೇರಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಖಾತ್ರಿ ಏನು ಅಂತ ಒಮ್ಮೆ ಕೇಳಿ ಸುಮ್ಮನಾದಾಕಿ ನಾನು. ನಾಳಿಂದ ನಾನೂರೂ ಮಂದಿ ಸಪ್ಪಳಕ್ಕ ಇಟ್ಟ ಹೆಸರು ಮತ್ತ ಒಡದು ನೋಡೂದು” ಎಂದರು. ಆ ವಾರ ಹಾವೇರಿಯ ನಿವೃತ್ತ ಮಾಸ್ತರರೊಬ್ಬರ ‘ಹರಟೆ’ ಎಂಬ ಪಟ್ಟಿಯ ಕೆಳಗೆ ಅಂಥದೇ ಇನ್ನೊಂದು ಇಕ್ಕಟ್ಟು ಸಿಕ್ಕಿತು. ಮಾಸ್ತರರು ಅಷ್ಟು ಹೊತ್ತು ಹರಟುತ್ತಿರಲಿಲ್ಲವೆಂದು ಅವರ ಮನೆಯವರಿಗೆ ಆಗ ನಂಬಿಕೆ ಬಂತು.

ಮರುದಿನ ದಾಕ್ಷಾಯಿಣಿ ಚಹಾ ತರಲು ಹೋದಾಗ ಗುರುಶಾಂತ ಒಬ್ಬನೇ ವಾರ್ಡಿಗೆ ಹೋದ. ತೊಡೆಗೆ ಪಟ್ಟಿ ಕಟ್ಟಿದ್ದರಿಂದ ನಿಂಬೆವ್ವ ಅಲುಗಾಡುವಂತಿರಲಿಲ್ಲ. ಮರೆಯಾಗಲು ಬಾಗಿಲಿಲ್ಲ, ಮಾತಾಡಲು ಕಂಬವಿಲ್ಲ. ಎಡಗೈಯಿಂದ ಆಸ್ಪತ್ರೆಯ ಹೊದಿಕೆಯನ್ನೇ ತಲೆಯ ಮೇಲೆ ಎಳೆದುಕೊಂಡರು.

“ಅತ್ತಿ, ತಪ್ಪು ನಂದು” ಎಂದ ಗುರುಶಾಂತ. “ಜಾಲರಿ ಎರಡು ತಿಂಗಳಿಂದ ಒದರಾಕತ್ತಿತ್ತು. ನಾನು ಅದಕ್ಕ ರೊಟ್ಟಿ ಅಂತ ಹೆಸರಿಟ್ಟು ಸುಮ್ಮ ಕುಂತೆ.”

ನಿಂಬೆವ್ವ ಪಕ್ಕದಲ್ಲಿದ್ದ ಸಲಾಯಿನ್ ಕಂಬಿಯ ಕಡೆ ಮುಖ ತಿರುಗಿಸಿದರು.

“ಅವರಿಗೆ ಹೇಳಪಾ” ಎಂದರು ಕಂಬಿಗೆ. “ರೊಟ್ಟಿ ಒಂದ ಕಡೆ ದಪ್ಪ ಇದ್ದದ್ದು ಖರೇನ. ಓಣಿ ಮಂದಿಯೆಲ್ಲಾ ತಿಂದು ಸುಮ್ಮನಿದ್ರು. ಹೇಳಿದಾವ್ರು ಅವರೊಬ್ಬರ. ಜ್ವಾಳದ್ದೇನೂ ತಪ್ಪಿರಲಿಲ್ಲ.”

ಗುರುಶಾಂತನ ಕಣ್ಣು ತುಂಬಿಬಂತು. ಅವನೂ ಕಂಬಿಯ ಕಡೆ ತಿರುಗಿ, ಗುಳಿಗೆ ಬಿಡಬಾರದೆಂದು ಹೇಳಪ್ಪಾ ಎಂದ.

“ಬಿಡಂಗಿಲ್ಲ ಅಂತ ಹೇಳು. ಮತ್ತ ಕೇಳು” ಎಂದರು ನಿಂಬೆವ್ವ, “ಮುಂದಿನ ಸಲ ಬಂದಾಗರ ಎರಡು ರೊಟ್ಟಿ ತಿಂತಾರೋ ಇಲ್ಲೋ ಅಂತ.”

ಚಹಾ ತಂದ ದಾಕ್ಷಾಯಿಣಿ, ಗಂಡನೂ ತಾಯಿಯೂ ಸಲಾಯಿನ್ ಕಂಬಿಯನ್ನೇ ನೋಡುತ್ತಿರುವುದನ್ನು ಕಂಡು, ಅದಕ್ಕೆ ಏನಾಯಿತೋ ಎಂದು ಗಾಬರಿಯಿಂದ ನರ್ಸನ್ನು ಕರೆದಳು.

ಕೇಂದ್ರದಲ್ಲಿ ಹೊಸ ನಿಯಮ ಬಂತು. ಹೆಸರು ಏನೇ ಇರಲಿ, ಪ್ರತಿ ರೋಗಿ ದಿನಕ್ಕೆ ಐದು ನಿಮಿಷ ತನ್ನ ಎಂದಿನ ಕೆಲಸ ಬಿಟ್ಟು ಬೇರೆ ರೀತಿಯಲ್ಲಿ ಮೈ ದಣಿಸಬೇಕು. ಆಗ ಗಣಕ ಏನನ್ನೂ ಕಳೆಯಬಾರದು, ಮನುಷ್ಯರೇ ಕುಳಿತು ಕೇಳಬೇಕು. ಕೆಲವರಿಗೆ ಮೆಟ್ಟಿಲು ಹತ್ತಲು ಹೇಳಿದರು, ಕೆಲವರಿಗೆ ಬಿರುಸಾಗಿ ನಡೆಯಲು. ನಿಂಬೆವ್ವನವರ ಚೀಟಿಯಲ್ಲಿ, ಕೈ ಸುಧಾರಿಸಿದ ಮೇಲೆ, ಡಾಕ್ಟರ್ ಅಣ್ಣಿಗೇರಿ ‘ಜೋಕಾಲಿ, ಐದು ನಿಮಿಷ, ಸಾವಕಾಶವಾಗಿ’ ಎಂದು ಬರೆದರು. ಪಂಚಮಿ ಮುಗಿದ ಮೇಲೆ ಎಲ್ಲರ ಮನೆಯ ಜೋಕಾಲಿ ಬಿಚ್ಚಿದರೂ ಖಾನಾವಳಿಯ ಹಿಂದಿನ ಬೇವಿನ ಮರದ ಹಗ್ಗ ಹಾಗೆಯೇ ಉಳಿಯಿತು. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಯಜಮಾನತಿ ಡಾಕ್ಟರ ಚೀಟಿಯ ಮೇರೆಗೆ ಜೀಕುವುದನ್ನು ನೋಡಲು ಗಿರಾಕಿಗಳು ಬೇಗನೆ ಬರತೊಡಗಿದರು.

ದೀಪಾವಳಿಗೆ ಹತ್ತು ದಿನವಿತ್ತು. ಶನಿವಾರ ಬೆಳಿಗ್ಗೆ ಏಳು ಐವತ್ತೈದಕ್ಕೆ ಗುರುಶಾಂತ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಗುಂಯ್ ಎನ್ನುವ ಒಂದೇ ಶ್ರುತಿ, ಜೋಕಾಲಿಯ ಏರಿಳಿತಕ್ಕೆ ತಕ್ಕಂತೆ ಸಣ್ಣಗೆ ಏರಿ ಇಳಿಯುತ್ತಿತ್ತು. ಒಂದು ಪಟಪಟ ಇಲ್ಲ, ಒಂದು ಬಡಿತ ಇಲ್ಲ. ಐದು ನಿಮಿಷವೂ ಅವನು ಕಿವಿಗೊಟ್ಟು ಕೇಳಿದ. ಜೋಕಾಲಿ ನಿಂತಿತು. ಇನ್ನೇನು ರೊಟ್ಟಿ ಶುರುವಾಗಬೇಕು ಎನ್ನುವಾಗ, ಬಲಗೈಯಿಂದ ಎಂದು ಖಚಿತವಾಗಿ ಹೇಳಬಹುದಾದಷ್ಟು ಗಟ್ಟಿಯಾಗಿ, ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ಸದ್ದಾಯಿತು.

ಥಪ್. ಥಪ್.

ಎರಡೇ ಏಟು. ಆಮೇಲೆ ಮೌನ. ರೊಟ್ಟಿಗೆ ಮೂರು ಏಟು, ಒಂದು ಸರ್ರ್ ಇರಬೇಕು. ಇದು ರೊಟ್ಟಿಯಲ್ಲ. ಗಣಕ ಅಪರಿಚಿತ ಬಡಿತ ಎಂದು ಕೆಂಪು ದೀಪ ಹಚ್ಚಿ, ಹೆಸರು ಕೇಳಿತು.

“ಏನದು ಗುರು?” ಎಂದು ಶ್ರೀವತ್ಸ ಗಾಬರಿಯಿಂದ ಕುರ್ಚಿ ಎಳೆದುಕೊಂಡು ಬಂದ. “ತೊಂದರೆ ಏನೂ ಇಲ್ಲ ತಾನೆ?”

ಗುರುಶಾಂತ ನಗುತ್ತಿದ್ದ. ನಾಳೆ ಭಾನುವಾರ, ಅವನು ಬೆಟಗೇರಿಗೆ ಹೋಗುವ ಸರದಿ. ಎರಡು ಏಟು ಎಂದರೆ ಎರಡು ರೊಟ್ಟಿ. ನಡುವೆ ಮಗಳಿಲ್ಲದೆ, ಕಂಬವಿಲ್ಲದೆ, ಸಲಾಯಿನ್ ಕಂಬಿಯಿಲ್ಲದೆ ಅತ್ತೆ ಅವನೊಡನೆ ಮೊದಲ ಸಲ ಮಾತಾಡಿದ್ದರು. ಹೆಸರಿನ ಜಾಗದಲ್ಲಿ ಅವನು ‘ಊಟಕ್ಕೆ ಕರೆದರು’ ಎಂದು ಬರೆದ. ಬರೆದ ಮೇಲೆ, ಖಾತ್ರಿಗೆ ಇರಲಿ ಎಂದು, ದಾಕ್ಷಾಯಿಣಿಗೆ ಫೋನು ಮಾಡಿ ಕೇಳಿದ.